ಗೊತ್ತಿಲ್ದಿರೋ ಡೆಕ್ಕು, ಕೈಯಲ್ಲಿ ಒಂದು ಗಂಟೆ

ಮೊನ್ನೆ ಶನಿವಾರ ಸಾಗರದ ಕಡೆ ಒಂದು ರೆಸಾರ್ಟಲ್ಲಿ ನಂದು ಡಿಜೆ ಗಿಗ್ ಇತ್ತು. ಮನೇಲಿ ನಂದು ಪುಟ್ಟ ಕಂಟ್ರೋಲರ್ರು, ಲ್ಯಾಪ್‌ಟಾಪ್ ಇಲ್ದೆ ನಡಿಯಲ್ಲ, ಅಲ್ಲಿ ನೋಡಿದ್ರೆ ಡೆಕ್ಕು, ಅಂದ್ರೆ ಹಾಡು ನುಡಿಸೋ ಪ್ಲೇಯರ್ರು, ಪಯೊನೀರ್ ಸಿಡಿಜೆ-2000 ನೆಕ್ಸಸ್ 2 ಎರಡು, ಮಧ್ಯ ಎರಡರ ಸೌಂಡೂ ಬೆರೆಸೋ ಡಿಜೆಎಂ-900 ಮಿಕ್ಸರ್ರು. ಶಿವಮೊಗ್ಗದಿಂದ ಬೇಗ ಹೊರಟಿದ್ದಕ್ಕೆ ಸೌಂಡ್‌ಚೆಕ್‌ಗೆ ಒಂದು ಗಂಟೆ ಸಿಕ್ತು.

ಈ ಪ್ಲೇಯರ್ ಎಕ್ಸ್‌ಫ್ಯಾಟಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್ ಓದಲ್ಲ, ಫ್ಯಾಟ್32 ಥರದ ಫಾರ್ಮ್ಯಾಟ್ ಬೇಕು, ಅದೂ ಪಯೊನೀರಿನ ಸಾಫ್ಟ್‌ವೇರ್ ರೆಕಾರ್ಡ್‌ಬಾಕ್ಸಿಂದ ಎಕ್ಸ್‌ಪೋರ್ಟ್ ಮಾಡಿದ್ರೇನೇ ನಾವು ಹಾಕಿಟ್ಟ ಕ್ಯೂ (ಹಾಡಲ್ಲಿ ಎಲ್ಲಿಂದ ಶುರು ಅನ್ನೋ ಗುರುತು), ಬೀಟ್‌ಗ್ರಿಡ್ (ಬೀಟ್ ಎಲ್ಲೆಲ್ಲಿ ಬೀಳುತ್ತೆ ಅನ್ನೋ ಗೆರೆಗಳು) ಎಲ್ಲ ಬರೋದು, ಸುಮ್ನೆ ಕಾಪಿ ಹೊಡೆದ್ರೆ ಬರೀ ಹಾಡು. ಅದನ್ನ ಹಿಂದಿನ ರಾತ್ರಿನೇ ಮಾಡಿಟ್ಟಿದ್ದೆ, ಎರಡು ಪೆನ್‌ಡ್ರೈವಲ್ಲಿ.

ಆದ್ರೂ ಎರಡು ಹಾಡಿನ ಬೀಟ್ ಒಂದಕ್ಕೊಂದು ಕೂರ್ತಾನೇ ಇಲ್ಲ. ಸ್ಲೈಡರ್ ಕೂದಲೆಳೆ ಅಷ್ಟು ಸರಿಸಿದ್ರೂ ಸ್ಪೀಡ್ ಎಲ್ಲೋ ಹಾರುತ್ತೆ. ಸೌಂಡಿನ ಅಣ್ಣ ಬಂದು, "ಟೆಂಪೋ ರೇಂಜ್ ವೈಡಲ್ಲಿದೆ ಮಾರಾಯ್ರೆ, ಆರಕ್ಕೆ ಇಳಿಸಿ" ಅಂದ್ರು. ಆ ಬಟನ್ ಒತ್ತಿದೆ, ಸ್ಕ್ರೀನಲ್ಲಿ ±6 ಬಂತು (ಸ್ಲೈಡರ್ ಪೂರ್ತಿ ಎಳೆದ್ರೂ ಸ್ಪೀಡ್ ಆರು ಪರ್ಸೆಂಟ್ ಮಾತ್ರ ಬದಲಾಗುತ್ತೆ), ಅಷ್ಟೇ, ಕೈ ಹೇಳ್ದಂಗೆ ಕೇಳ್ತು! ಮಿಕ್ಸರಲ್ಲೂ ಒಂದು ಸ್ವಿಚ್ಚಿದೆ, ಐಸೊಲೇಟರಲ್ಲಿದ್ರೆ ಬಾಸ್ ನಾಬ್ ಪೂರ್ತಿ ಎಡಕ್ಕೆ ತಿರುಗಿಸಿದಾಗ ಬಾಸ್ ಸಂಪೂರ್ಣ ಮಾಯ, ಈಕ್ಯೂನಲ್ಲಿದ್ರೆ ಸ್ವಲ್ಪ ಉಳ್ಕೊಳುತ್ತೆ. ನಂಗೆ ಈಕ್ಯೂನೇ ಇಷ್ಟ, ಹಾಡಿನ ಮೈ ಉಳಿಯುತ್ತೆ.

ಎಂಟಕ್ಕೆ ಶುರು ಮಾಡ್ದೆ. ಹೊರಗೆ ಶೀಟಿನ ಮೇಲೆ ಮಳೆ ಹೊಡೀತಿತ್ತು, ಹೆಡ್‌ಫೋನಲ್ಲಿ ಎರಡು ಹಾಡಿನ ಕಿಕ್ ಡ್ರಮ್ಮೂ ಒಂದೇ ಆಗಿ ಕೇಳಿಸ್ತು.