ಏನನ್ನು ಹುಡುಕಬೇಕು ಸಾರ್?

ತಂಪು ಪಾನೀಯದ ಖಾಲಿ ಬಾಟಲಿಯಲ್ಲಿ ಮಳೆನೀರು ತುಂಬಿಕೊಂಡು ನೀರು ಪರೀಕ್ಷೆ ಮಾಡುವ ಲ್ಯಾಬಿಗೆ ಹೋದ ನನ್ನನ್ನು ಅಲ್ಲಿಯ ಹುಡುಗಿ ಒಮ್ಮೆ ನೋಡಿದಳು, ಬಾಟಲಿಯನ್ನು ಒಮ್ಮೆ ನೋಡಿದಳು. "ಏನನ್ನು ಹುಡುಕಬೇಕು ಸಾರ್?" ಎಂದಳು.

"ಏನೇನಿದೆಯೋ ನೋಡಿ" ಎಂದೆ.

"ಹಾಗೆ ನೋಡಲು ಬರುವುದಿಲ್ಲ ಸಾರ್. ಏನನ್ನು ಹುಡುಕಬೇಕೆಂದು ನೀವು ಹೇಳಬೇಕು. ಅದು ಇದೆಯೋ ಇಲ್ಲವೋ ನಾವು ಹೇಳುತ್ತೇವೆ."

ಸೋಮವಾರದ ಮಾತು ಇದು. ಇವತ್ತು ಭಾನುವಾರ. ಬಚ್ಚಲಿನಲ್ಲಿ, ಬಸ್ಸಿನಲ್ಲಿ, ಊಟದ ನಡುವೆ, ಆ ಹುಡುಗಿಯ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ.

ನಮ್ಮ ಮನೆ ಉಳ್ಳಾಲದಲ್ಲಿ, ಕಡಲಿನಿಂದ ಒಂದೂವರೆ ಕಿಲೋಮೀಟರ್ ಒಳಗೆ. ಏಪ್ರಿಲ್ ಬಂತೆಂದರೆ ಬಾವಿಯ ನೀರಿಗೆ ಉಪ್ಪಿನ ರುಚಿ. ಅದಕ್ಕಾಗಿ ಆರು ವರ್ಷದ ಹಿಂದೆ ಮಾಡಿನ ನೀರನ್ನೆಲ್ಲ ಪೈಪಿನಲ್ಲಿ ಇಳಿಸಿ, ಒಂದು ಪಾಲು ಡ್ರಮ್ಮಿಗೆ, ಉಳಿದದ್ದು ಬಾವಿಯ ಪಕ್ಕದ ಇಂಗುಗುಂಡಿಗೆ ಹೋಗುವಂತೆ ಮಾಡಿಸಿದೆ. ಡ್ರಮ್ಮಿನ ನೀರು ಅಮ್ಮನ ಸ್ವತ್ತು. ಮಳೆನೀರಿನಲ್ಲಿ ಬೇಳೆ ಬೇಗ ಬೇಯುತ್ತದೆ, ಬಟ್ಟೆಗೆ ಸಾಬೂನು ಕಡಿಮೆ ಸಾಕು ಎಂದು ಅವಳ ಲೆಕ್ಕ. ಅವಳು ತೌರಿನಲ್ಲಿ ಅಡಿಕೆ ದಂಬೆಯಿಂದ ಹಂಡೆಗೆ ಬೀಳುವ ನೀರಿನಲ್ಲೇ ಬೆಳೆದವಳು. ನಮ್ಮದನ್ನು ನೋಡಿ ಬೀದಿಯಲ್ಲಿ ಇನ್ನೂ ನಾಲ್ಕು ಮನೆಯವರು ಹಾಗೆಯೇ ಮಾಡಿಸಿದರು. ಎದುರುಮನೆಯ ಮೇಷ್ಟ್ರು ಅವರಲ್ಲೊಬ್ಬರು.

ಈ ಮೇಷ್ಟ್ರ ಬಗ್ಗೆ ಒಂದು ಮಾತು ಹೇಳಲೇಬೇಕು. ಮೂವತ್ತು ವರ್ಷ ಸಮಾಜ ಪಾಠ ಮಾಡಿದವರು, ಊರಿನ ಯಾವ ಕೆಲಸಕ್ಕೂ ಮೊದಲು ಹೆಗಲು ಕೊಡುವವರು. ಆದರೆ ನಿವೃತ್ತರಾದ ಮೇಲೆ ಮೊಬೈಲ್ ಅವರನ್ನು ಕೆಡಿಸಿದೆ. ಹಿಂದೆ ಮಕ್ಕಳ ನೋಟ್ಸ್ ತಿದ್ದುತ್ತಿದ್ದವರು ಈಗ ಬಂದದ್ದನ್ನು ಹಾಗೆಯೇ ಮುಂದೆ ದಾಟಿಸುತ್ತಾರೆ. ಆ ಸೋಮವಾರಕ್ಕೆ ಮೊದಲಿನ ಶನಿವಾರ ಬೆಳಿಗ್ಗೆ ಅವರೇ ನಮ್ಮ ಬೀದಿಯ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಫೋಟೊ ಹಾಕಿದರು. ಅವರ ಇಂಗುಗುಂಡಿಯ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ತೆಳುವಾದ ಪೊರೆ. ಕೆಳಗೆ, "ಹಡಗಿನ ಎಣ್ಣೆ ಮಳೆಯಾಗಿ ಬೀಳುತ್ತಿದೆ. ಯಾರೂ ಮಳೆನೀರು ಹಿಡಿಯಬೇಡಿ." ಅದರ ಹಿಂದೆಯೇ ಒಂದು ವಿಡಿಯೊ. ಯಾವುದೋ ಬೀದಿಯಲ್ಲಿ ಮಳೆನೀರು ನಿಂತಿದೆ, ಮೇಲೆ ಎಣ್ಣೆ ಮಿನುಗುತ್ತಿದೆ, ಹಿನ್ನೆಲೆಯಲ್ಲಿ ಒಬ್ಬ ಇಂಗ್ಲಿಷಿನಲ್ಲಿ ಗಾಬರಿಯಿಂದ ಮಾತಾಡುತ್ತಿದ್ದಾನೆ. ಸಂಜೆಯೊಳಗೆ ನಾಲ್ಕೂ ಮನೆಯ ಪೈಪುಗಳು ರಸ್ತೆಯ ಕಡೆಗೆ ತಿರುಗಿದ್ದವು. ಜೂನ್ ಮಳೆ, ಅಷ್ಟು ನೀರು ಚರಂಡಿಗೆ.

ಹೆದರಿದ್ದು ತಪ್ಪೆಂದು ನಾನು ಹೇಳಲಾರೆ. 2025ರ ಮೇ 25ರಂದು ಎಂಎಸ್‌ಸಿ ಎಲ್ಸಾ 3 ಎಂಬ ಸರಕು ಹಡಗು ಕೇರಳದ ಕಡಲಲ್ಲಿ ಮುಳುಗಿತು. ಅದರಲ್ಲಿ 640 ಕಂಟೇನರ್, ತೊಟ್ಟಿಯಲ್ಲಿ 84.44 ಟನ್ ಡೀಸೆಲ್, 367.1 ಟನ್ ಫರ್ನೇಸ್ ಎಣ್ಣೆ. ಅದರ ಸುದ್ದಿ ಆರುವ ಮೊದಲೇ ಜೂನ್ 9ಕ್ಕೆ ಕಣ್ಣೂರಿನ ಆಚೆ ವಾನ್ ಹೈ 503 ಎಂಬ ಇನ್ನೊಂದು ಹಡಗು ಹೊತ್ತಿಕೊಂಡಿತು. 22 ಮಂದಿಯಲ್ಲಿ ನಾಲ್ವರು ಕಾಣೆಯಾದರು. ಉಳಿದ 18 ಮಂದಿಯನ್ನು ನೌಕಾಪಡೆಯ ಐಎನ್‌ಎಸ್ ಸೂರತ್ ಆ ರಾತ್ರಿಯೇ ಪಣಂಬೂರು ಬಂದರಿಗೆ ಕರೆತಂದಿತು. ಸುಟ್ಟ ಗಾಯದವರು ನಮ್ಮ ಮಂಗಳೂರಿನ ಆಸ್ಪತ್ರೆಯಲ್ಲೇ ಮಲಗಿದ್ದರು. ಅದು ನಮಗೆ ಬರೀ ಟಿವಿಯ ಸುದ್ದಿಯಾಗಿರಲಿಲ್ಲ. ಸಾಲದ್ದಕ್ಕೆ, ಉಳ್ಳಾಲದವರಿಗೆ ಮುಳುಗಿದ ಹಡಗು ಎಂದರೆ ಕಥೆಯೂ ಅಲ್ಲ. 2022ರ ಜೂನ್‌ನಲ್ಲಿ ಬಟಪಾಡಿಯ ಎದುರಿಗೆ ಪ್ರಿನ್ಸೆಸ್ ಮಿರಾಲ್ ಮುಳುಗಿದಾಗ, ಅದರ ಹೊಟ್ಟೆಯ ಎಣ್ಣೆ ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ದಡದಲ್ಲಿ ನಿಂತು ನೋಡಿದವರು ನಾವು. ಮೀನಿನವರು ಆಗ ಪಟ್ಟ ಪಾಡು ಬೇರೆಯೇ. ಎಣ್ಣೆ ಬರುವ ಮೊದಲೇ ಗಿರಾಕಿ ಹೋಗಿಬಿಡುತ್ತಾರೆ.

ಅಮ್ಮ ಮಾತ್ರ ಪೈಪು ತಿರುಗಿಸಲು ಒಪ್ಪಲಿಲ್ಲ. "ಎಣ್ಣೆ ಆಕಾಶಕ್ಕೆ ಹೋಗುತ್ತದೆಯೇ? ಬಾಣಲೆಯಲ್ಲಿ ನೀರು ಹಾರುತ್ತದೆ, ಎಣ್ಣೆ ಉಳಿಯುತ್ತದೆ" ಎಂದಳು. ಅವಳ ರಸಾಯನಶಾಸ್ತ್ರ ಅಷ್ಟೇ. ನಾನು ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುವವನು, ನನಗೆ ಅಷ್ಟೂ ಇರಲಿಲ್ಲ. ಪರೀಕ್ಷೆ ಮಾಡಿಸಿಬಿಡೋಣ, ಕಾಗದದಲ್ಲಿ ಬಂದರೆ ಎಲ್ಲರ ಬಾಯಿ ಮುಚ್ಚುತ್ತದೆ ಎಂದುಕೊಂಡೆ. ಕಾಗದದ ಮೇಲೆ ನಮ್ಮ ವೃತ್ತಿಯವರಿಗೆ ಇರುವ ಭಕ್ತಿ ಅಂಥದ್ದು.

ಹಾಗೆ ಹೋದಲ್ಲಿ ಆ ಪ್ರಶ್ನೆ. ಏನನ್ನು ಹುಡುಕಬೇಕು ಸಾರ್?

"ಎಣ್ಣೆ" ಎಂದೆ ಕೊನೆಗೆ.

"ಹಾಗಾದರೆ ಈ ಬಾಟಲಿ ಆಗುವುದಿಲ್ಲ." ಎಣ್ಣೆ ಪ್ಲಾಸ್ಟಿಕ್ಕಿನ ಗೋಡೆಗೆ ಅಂಟಿಕೊಳ್ಳುತ್ತದಂತೆ, ನೀರಿನಲ್ಲಿ ಇದ್ದದ್ದೂ ಇಲ್ಲವೆಂದು ಬರುತ್ತದಂತೆ. ಅಗಲ ಬಾಯಿಯ ಒಂದು ಲೀಟರಿನ ಗಾಜಿನ ಬಾಟಲಿ ಕೊಟ್ಟಳು. ಒಳಗೆ ತೊಳೆಯಬಾರದು, ಬೇರೆ ಪಾತ್ರೆಯಲ್ಲಿ ಹಿಡಿದು ಸುರಿಯಬಾರದು, ನೇರ ಬಾಟಲಿಗೇ ತುಂಬಿಸಬೇಕು, ಐಸಿನಲ್ಲಿಟ್ಟು ತರಬೇಕು. ಆಮೇಲೆ ಅವರು ಆಮ್ಲ ಬೆರೆಸಿ ಇಡುತ್ತಾರೆ. ಸೂಕ್ಷ್ಮಜೀವಿಗಳ ಪರೀಕ್ಷೆಗೆಂದು ಒಂದು ಸಣ್ಣ ಬಾಟಲಿ ಬೇರೆ. ನಾನು ಮೇಷ್ಟ್ರ ಫೋಟೊ ತೋರಿಸಿದೆ.

"ಇದು ಎಲ್ಲಿಯ ನೀರು?"

"ಮುರಕಲ್ಲಿನಲ್ಲಿ ತೋಡಿದ ಗುಂಡಿ."

"ಕಡ್ಡಿಯಿಂದ ಮುಟ್ಟಿ ನೋಡಿದಿರಾ ಸಾರ್?"

ಯಾರೂ ಮುಟ್ಟಿರಲಿಲ್ಲ. ಫೋಟೊ ತೆಗೆದೆವು, ಕಳಿಸಿದೆವು, ಪೈಪು ತಿರುಗಿಸಿದೆವು, ಅಷ್ಟೆ. ಅವಳು ಹೇಳಿದಳು: ಎಣ್ಣೆಯ ಪೊರೆಯನ್ನು ಕಡ್ಡಿಯಿಂದ ಸೀಳಿದರೆ ಅದು ಹಿಂದೆಯೇ ಹರಿದು ಬಂದು ಕೂಡಿಕೊಳ್ಳುತ್ತದೆ. ಕಬ್ಬಿಣದ ಅಂಶವಿರುವ ನಿಂತ ನೀರಿನಲ್ಲಿ ಬ್ಯಾಕ್ಟೀರಿಯಾ ಕಟ್ಟುವ ಪೊರೆಯೂ ಹೀಗೆಯೇ ಬಣ್ಣಬಣ್ಣ ಕಾಣುತ್ತದೆ, ಆದರೆ ಮುಟ್ಟಿದರೆ ಒಡೆದು ಚೂರಾಗುತ್ತದೆ, ಕೂಡಿಕೊಳ್ಳುವುದಿಲ್ಲ. ನಮ್ಮ ಊರಿನ ಕಲ್ಲು ಕೆಂಪಾಗಿರುವುದೇ ಕಬ್ಬಿಣದಿಂದ.

ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಮೇಷ್ಟ್ರ ಗುಂಡಿಯ ಬಳಿ ಹೋದೆ. ತೆಂಗಿನ ಗರಿಯ ಕಡ್ಡಿಯೊಂದನ್ನು ಎತ್ತಿಕೊಂಡು ಪೊರೆಗೆ ತಾಗಿಸಿದೆ. ಹಸಿ ಹಪ್ಪಳ ಒಣಗಿ ಬಿರಿದಂತೆ ಬಿರಿಯಿತು. ಮೂಲೆಮೂಲೆಯಾದ ಚೂರುಗಳು ಒಂದರಿಂದ ಒಂದು ದೂರ ತೇಲಿದವು. ಇನ್ನೊಮ್ಮೆ ತಾಗಿಸಿದೆ, ಇನ್ನಷ್ಟು ಚೂರು. ನಾನು ಕುಕ್ಕರಗಾಲಿನಲ್ಲಿ ಕುಳಿತು ಹತ್ತು ನಿಮಿಷ ಅದನ್ನೇ ಮಾಡುತ್ತಿದ್ದೆನೆಂದು ಆಮೇಲೆ ಹೆಂಡತಿ ಹೇಳಿದಳು. ಮೇಷ್ಟ್ರು ಜಗಲಿಯಿಂದಲೇ, "ಎಂಥದು ಮಾರಾಯರೇ, ಮೀನು ಹಿಡಿಯುತ್ತಿದ್ದೀರಾ?" ಎಂದರು. ತೋರಿಸಿದೆ. "ಇದು ನಮ್ಮ ಗುಂಡಿಯ ವಿಷಯ. ಮಳೆಯ ವಿಷಯ ಬೇರೆ" ಎಂದರು. ತರ್ಕದಲ್ಲಿ ತಪ್ಪಿಲ್ಲ. ಅದಕ್ಕೇ ಕೋಪ ಬಂದದ್ದು.

ಆ ರಾತ್ರಿ ವಿಡಿಯೊದ ಮೂಲ ಹುಡುಕಿದೆ. ಅದು ಹದಿನೈದು ವರ್ಷ ಹಳೆಯದು, ಅಮೆರಿಕದ ಲೂಸಿಯಾನಾ ರಾಜ್ಯದ್ದು. 2010ರ ಏಪ್ರಿಲ್ 20ರಂದು ಮೆಕ್ಸಿಕೊ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ಎಂಬ ತೈಲ ಕೊರೆಯುವ ವೇದಿಕೆ ಸ್ಫೋಟಿಸಿ 11 ಮಂದಿ ಸತ್ತರು, ಕಡಲತಳದ ಬಾವಿಯಿಂದ 87 ದಿನ ಎಣ್ಣೆ ಉಕ್ಕಿತು. ಆಗ ಅಲ್ಲಿಯ ಜನರೂ ನಮ್ಮ ಬೀದಿಯವರಂತೆಯೇ ಮಳೆಯನ್ನು ನೋಡಿ ಹೆದರಿದ್ದರು. ಚಂಡಮಾರುತ ಬಂದರೆ ಎಣ್ಣೆಯ ಮಳೆ ಸುರಿಯುತ್ತದೆಯೇ ಎಂಬ ಪ್ರಶ್ನೆಗೆ ಅಲ್ಲಿಯ ಸಾಗರ ಮತ್ತು ವಾಯುಮಂಡಲ ಸಂಸ್ಥೆ ನೋವಾ ಇಲ್ಲವೆಂದೇ ಉತ್ತರಿಸಿತ್ತು: ಮಾರುತವು ಎಣ್ಣೆ ಹರಡಿದ ಜಾಗಕ್ಕಿಂತ ಎಷ್ಟೋ ದೊಡ್ಡ ಕಡಲಿನಿಂದ ಆವಿಯನ್ನು ಎಳೆದುಕೊಳ್ಳುತ್ತದೆ. ಅಮ್ಮನ ಬಾಣಲೆಯ ಮಾತೂ ಹತ್ತಿರ ಹತ್ತಿರ ಸರಿಯೇ. ಕಚ್ಚಾ ಎಣ್ಣೆಯ ಹಗುರ ಭಾಗ ಗಾಳಿಗೆ ಹಾರುತ್ತದೆ, ಚದುರಿ ಹೋಗುತ್ತದೆ. ಫರ್ನೇಸ್ ಎಣ್ಣೆಯಂಥ ದಪ್ಪ ಸರಕು ಹಾರುವುದೇ ಕಡಿಮೆ, ಕಡಲಲ್ಲೇ ಗಸಿಯಂತೆ ಉಳಿಯುತ್ತದೆ.

ಬುಧವಾರ ಐಸಿನ ಡಬ್ಬಿಯಲ್ಲಿ ಮಳೆನೀರು ಕೊಡಲು ಹೋದಾಗ ಈ ವಿದ್ಯೆಯನ್ನೆಲ್ಲ ಆ ಹುಡುಗಿಯ ಮುಂದೆ ಒಪ್ಪಿಸಿದೆ. ಅವಳು ತಲೆಯಾಡಿಸಿದಳು. ಆಮೇಲೆ, "ಸುಟ್ಟ ಎಣ್ಣೆಯ ಮಸಿ ಬೇರೆ ಸಾರ್. ಅದು ಮೇಲೆ ಹೋಗುತ್ತದೆ, ಮಳೆಯೊಂದಿಗೆ ಇಳಿಯಲೂಬಹುದು. ಅದನ್ನು ಹುಡುಕಬೇಕಾ?" ಎಂದಳು. ಆ ಮಸಿಯಲ್ಲಿರುವ ರಾಸಾಯನಿಕಗಳ ಗುಂಪಿಗೆ ಪಿಎಎಚ್ ಎಂದು ಹೆಸರು. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡದಲ್ಲಿ ಅದರ ಮಿತಿ ಲೀಟರಿಗೆ 0.0001 ಮಿಲಿಗ್ರಾಂ. ಎಣ್ಣೆಗಾದರೆ 0.5. ಅಷ್ಟು ಸೂಕ್ಷ್ಮವಾದದ್ದನ್ನು ಹಿಡಿಯುವ ಯಂತ್ರ ಬೇರೆ, ಶುಲ್ಕವೂ ಬೇರೆ. ಕೇಳಿದೆ. ಎಣ್ಣೆಯ ಪರೀಕ್ಷೆಯ ಐದು ಪಟ್ಟಿಗಿಂತ ಹೆಚ್ಚು.

ಬೇಡ ಎಂದೆ. ಹಡಗು ಉರಿದದ್ದು ಕಣ್ಣೂರು ಕಡೆಯ ಅಳೀಕಲ್ಲಿನಿಂದ 44 ನಾಟಿಕಲ್ ಮೈಲಿ ಆಚೆ, ನಮಗೆ ಇನ್ನೂ ದೂರ, ಈ ಮಳೆಗೆ ಎಲ್ಲ ತೊಳೆದು ಹೋಗಿರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜವೂ ಇರಬಹುದು. ಆದರೆ ಬಸ್ಸಿನಲ್ಲಿ ಕುಳಿತಾಗ ನಾಚಿಕೆಯಾಯಿತು. ಕೈಗೆಟಕುವ ಬೆಲೆಯ ನೆಮ್ಮದಿಯನ್ನಷ್ಟೇ ಕೊಂಡುಕೊಂಡಿದ್ದೆ.

ಇನ್ನೊಂದು ಕಡೆಯಿಂದ ಸಿಟ್ಟೂ ಬಂತು. ಏನನ್ನು ಹುಡುಕಬೇಕು ಎಂದು ನನ್ನನ್ನು ಕೇಳಿದರೆ ನಾನು ಏನು ಹೇಳಲಿ? ಹಡಗಿಗೆ ಸರಕು ತುಂಬಿದವರಲ್ಲಿ ಪಟ್ಟಿ ಇರುತ್ತದೆ, ಪೆಟ್ಟಿಗೆ ಪೆಟ್ಟಿಗೆಯ ಲೆಕ್ಕ ಇರುತ್ತದೆ. ಲೆಕ್ಕ ಬರೆಯುವವನಿಗೆ ಅದು ಗೊತ್ತು. ಎಲ್ಸಾ 3ರಲ್ಲಿ 13 ಕಂಟೇನರ್ ಅಪಾಯಕಾರಿ ಸರಕು, 12ರಲ್ಲಿ ಕ್ಯಾಲ್ಸಿಯಂ ಕಾರ್ಬೈಡ್ ಎಂದು ಮೊದಲು ಹೇಳಿದರು. ಕಾರ್ಬೈಡ್ ನಮಗೂ ಪರಿಚಯದ್ದೇ, ಮಾವಿನಕಾಯಿಯನ್ನು ಕಳ್ಳದಾರಿಯಲ್ಲಿ ಹಣ್ಣು ಮಾಡುವ ಪುಡಿ. ಉಳಿದ ಪೆಟ್ಟಿಗೆಗಳಲ್ಲಿ? ಹಡಗಿನಲ್ಲಿ ಏನಿತ್ತೆಂದು ಜನರಿಗೆ ತಿಳಿಸಿ ಎಂದು ಕೇರಳದ ಹೈಕೋರ್ಟೇ ಹೇಳಬೇಕಾಯಿತು. ಅಷ್ಟರಲ್ಲಿ ತಿರುವನಂತಪುರದ ಮರಳಿನಲ್ಲಿ ಆ ಹಡಗಿನಿಂದ ಬಂದ ಸಾಬಕ್ಕಿಯಂಥ ಬಿಳಿ ಪ್ಲಾಸ್ಟಿಕ್ ಮಣಿಗಳನ್ನು ಜನ ಜರಡಿ ಹಿಡಿದು ಸೋಸುತ್ತಿದ್ದರು. ಪಟ್ಟಿ ಇದ್ದವರು ಬಾಯಿ ಬಿಡುವುದಿಲ್ಲ, ಹೆದರಿಕೆ ಇದ್ದವರ ಕೈಯಲ್ಲಿ ಪಟ್ಟಿ ಇಲ್ಲ. ಮೇಷ್ಟ್ರು ಆ ಖಾಲಿ ಜಾಗದಲ್ಲಿ ಅಮೆರಿಕದ ವಿಡಿಯೊ ಇಟ್ಟರು. ಅವರನ್ನು ನಾನು ಪೂರ್ತಿ ಬೈಯಲಾರೆ.

ನಿನ್ನೆ ವರದಿ ಬಂತು. ಎಣ್ಣೆ ಮತ್ತು ಜಿಡ್ಡು: ಪತ್ತೆಯಾಗಿಲ್ಲ. ಪಿಎಚ್ (ನೀರಿನ ಆಮ್ಲೀಯತೆಯ ಅಳತೆ): 5.9. ಕೋಲಿಫಾರ್ಮ್ ಬ್ಯಾಕ್ಟೀರಿಯಾ: ಇದೆ.

ಗುಂಪಿಗೆ ಹಾಕಿದ ಐದೇ ನಿಮಿಷಕ್ಕೆ ಮೇಷ್ಟ್ರು ಪಿಎಚ್ ಸಾಲಿಗೆ ಕೆಂಪು ಸುತ್ತು ಹಾಕಿ ಹಿಂದೆ ಕಳಿಸಿದರು. "ಮಾನದಂಡ 6.5ರಿಂದ 8.5. ನಮ್ಮ ಮಳೆ ಅನುತ್ತೀರ್ಣ. ಆಮ್ಲ ಮಳೆ!" ಅವರೊಳಗಿನ ಮೇಷ್ಟ್ರು ಕೊನೆಗೂ ಎದ್ದಿದ್ದರು, ಆದರೆ ತಪ್ಪು ಪ್ರಶ್ನೆಪತ್ರಿಕೆ ತಿದ್ದುತ್ತಿದ್ದರು. ಲ್ಯಾಬಿನ ಹುಡುಗಿಗೆ ಫೋನ್ ಮಾಡಿದೆ. ನಕ್ಕಳು. ಗಾಳಿಯ ಇಂಗಾಲದ ಡೈಆಕ್ಸೈಡ್ ಬೆರೆತರೆ ಸಾಕು, ಶುದ್ಧ ಮಳೆಯೂ 5.6ರ ಹತ್ತಿರ ಇರುತ್ತದೆ. ಆ ಮಾನದಂಡ ಕುಡಿಯುವ ನೀರಿಗೆ, ಆಕಾಶಕ್ಕಲ್ಲ. "ನೀವು ನೋಡಬೇಕಾದದ್ದು ಕೋಲಿಫಾರ್ಮ್ ಸಾರ್. ಮಾಡಿನ ಮೇಲೆ ಹಕ್ಕಿ ಕೂರುತ್ತವಾ?"

ಕೂರುತ್ತವೆ. ಅಮ್ಮ ದಿನಾ ಅನ್ನ ಇಡುತ್ತಾಳೆ. ಮೂರು ತಲೆಮಾರಿನ ಕಾಗೆಗಳು ಅವು. ಆರು ವರ್ಷದಿಂದ ಅವುಗಳ ಹಿಕ್ಕೆ ತೊಳೆದ ನೀರನ್ನು ಡ್ರಮ್ಮಿನಲ್ಲಿ ಹಿಡಿದು ಬೇಳೆ ಬೇಯಿಸುತ್ತಿದ್ದೇವೆ. ಕುದಿಯುವುದರಿಂದ ಬದುಕಿದೆವು. ಮೊದಲ ಮಳೆಯನ್ನು ಹೊರಗೆ ಬಿಡುವ ಕವಾಟ ಹಾಕಿಸಿ ಎಂದು ಪೈಪಿನವನು ಅಂದೇ ಹೇಳಿದ್ದ, ಎಂಟುನೂರು ರೂಪಾಯಿ ಉಳಿಸಿದ್ದೆ.

ಮೇ 30ರಂದು ನಮ್ಮದೇ ತಾಲ್ಲೂಕಿನ ಮೊಂಟೆಪದವಿನಲ್ಲಿ ಗುಡ್ಡ ಕುಸಿದು ಮನೆಯೊಂದರ ಅಜ್ಜಿ, ಇಬ್ಬರು ಪುಟ್ಟ ಮಕ್ಕಳು ಹೋದರು. ಅದೂ ಇದೇ ಮಳೆ. ಆ ದಿನ ನಮ್ಮ ಗುಂಪಿನಲ್ಲಿ ಕೈಮುಗಿದ ಚಿತ್ರಗಳು ಬಂದವು, ಮಾರನೆಯ ದಿನ ಶುಭೋದಯ. ನಮ್ಮ ಬೀದಿಯ ಹಿಂದಿನ ದರೆಯನ್ನು ಯಾರಾದರೂ ಹೋಗಿ ನೋಡಿದರೇ ಎಂದು ನಿನ್ನೆ ರಾತ್ರಿ ಹೊಳೆಯಿತು. ಬಿರುಕು ಇದೆಯೇ ಎಂದು ನೋಡಲು ಲ್ಯಾಬು ಬೇಕಿಲ್ಲ. ನಾನೂ ನೋಡಿರಲಿಲ್ಲ. ಇವತ್ತು ಬೆಳಿಗ್ಗೆ ಕೊಡೆ ಹಿಡಿದು ಹೋಗಿ ನೋಡಿ ಬಂದೆ. ಒಂದು ಕಡೆ ನೀರು ಒಸರುತ್ತಿದೆ. ಫೋಟೊ ತೆಗೆದಿದ್ದೇನೆ.

ಬರುವಾಗ ಮೇಷ್ಟ್ರು ಗೇಟಿನಲ್ಲಿ ನಿಂತಿದ್ದರು. "ಆ ಪ್ಲಾಸ್ಟಿಕ್ ಮಣಿಯನ್ನು ಹುಡುಕಿಸಿದಿರಾ?" ಎಂದು ಕೇಳಿದರು. ಇಲ್ಲವೆಂದೆ. ಮಳೆಗಾಲದಲ್ಲಿ ಕರಾವಳಿಯ ಪ್ರವಾಹ ದಕ್ಷಿಣಕ್ಕೆ ಹರಿಯುತ್ತದೆ, ಮಣಿಗಳೂ ಆ ಕಡೆಗೇ ಹೋದವು, ಮಾಡಿಗೆ ಹಾರಿ ಬರುವಷ್ಟು ಹಗುರವೂ ಅಲ್ಲ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದರೂ ಕೇಳಬಹುದಿತ್ತು" ಎಂದರು. ನಾನು ದರೆಯ ಫೋಟೊ ತೋರಿಸಿದೆ. ಕನ್ನಡಕ ಹಣೆಗೇರಿಸಿ, ಮೊಬೈಲನ್ನು ಮೂಗಿನ ಹತ್ತಿರ ಹಿಡಿದು ತುಂಬ ಹೊತ್ತು ನೋಡಿದರು. ಯಾರಿಗೂ ಕಳಿಸಲಿಲ್ಲ. ಒಳಗೆ ಹೋಗಿ ಕೊಡೆ ತಂದರು.

"ನಡೆಯಿರಿ, ಎಲ್ಲಿ ತೋರಿಸಿ" ಎಂದರು.