ಕ್ರಾಂಜಿಯ ಅಜ್ಜನ ಫಲಕ: ಸುಣ್ಣದ ಕಾಟ ಕೊನೆಗೂ ಹಿಡಿತಕ್ಕೆ ಬಂತು

ನಾನು ಮಾಡುತ್ತಿರುವ ಸುಟ್ಟಮಣ್ಣಿನ ಫಲಕ ಭಟ್ಟಿಯಿಂದ ಹೊರಬಂದ ಮೇಲೂ ಅದರ ಅಕ್ಷರಗಳು ವಾರಗಟ್ಟಲೆ ಅಲುಗದೆ ಉಳಿದಿರುವುದು ಈ ಬಾರಿ ಮಾತ್ರ. ನಮ್ಮ ಅಜ್ಜಿಯ ತಮ್ಮ 1942ರ ಫೆಬ್ರವರಿ 15ರಂದು ಸಿಂಗಾಪುರ ಶರಣಾಗುವ ಮುನ್ನವೇ ಅಲ್ಲಿ ಮಡಿದು, ಈಗ ಕ್ರಾಂಜಿ ಯುದ್ಧ ಸ್ಮಶಾನದಲ್ಲಿದ್ದಾರೆ. ಸೈನಿಕರ ದೇಹಗಳನ್ನು ಊರಿಗೆ ಕಳುಹಿಸುವ ಪದ್ಧತಿ ಇಂಥ ಸ್ಮಶಾನಗಳನ್ನು ನೋಡಿಕೊಳ್ಳುವ ಯುದ್ಧ ಸಮಾಧಿ ಆಯೋಗದಲ್ಲಿ ಇರಲಿಲ್ಲವಾದ್ದರಿಂದ, ಮಂಗಳೂರಿನ ಜೆಪ್ಪುವಿನ ಮನೆಯ ಚಾವಡಿಯಲ್ಲಿ ಅವರ ಹೆಸರಿನ ಸುಟ್ಟಮಣ್ಣಿನ ಫಲಕವೊಂದನ್ನು ಕೂರಿಸಬೇಕೆಂದು ಹೊರಟಿದ್ದೇನೆ.

ಆಯೋಗದ ಸಮಾಧಿಗಲ್ಲಿನ ಎತ್ತರ 813 ಮಿಲಿಮೀಟರ್, ಅಗಲ 381. ಅಧಿಕಾರಿಗೂ ಸಿಪಾಯಿಗೂ ಅದೇ ಅಳತೆ. ನನ್ನದು ಅದರ ಅರ್ಧ. ಶೇಕಡಾ 8ರಷ್ಟು ಕುಗ್ಗುವ ಮಣ್ಣಾದ್ದರಿಂದ ಹಸಿ ಹಲಗೆಯನ್ನು 442ಕ್ಕೆ 207ರಂತೆ ಕತ್ತರಿಸಿದೆ. ಹದಗೊಳಿಸಿ ಒಣಗಿಸುವ ಕೆಲಸ ನಿಮಗೆಲ್ಲ ತಿಳಿದದ್ದೇ.

ಕಾಟ ಕೊಟ್ಟದ್ದು ಸುಣ್ಣ. 1865ರಲ್ಲಿ ಬಾಸೆಲ್ ಮಿಷನ್ನಿನವರು ಹಂಚಿನ ಕಾರ್ಖಾನೆ ತೆರೆದ ಜೆಪ್ಪುವಿನಲ್ಲೇ ಕುಳಿತು ಒಳ್ಳೆಯ ಆವೆಮಣ್ಣಿಗಾಗಿ ಪರದಾಡಬೇಕಾಗಿ ಬಂದದ್ದು ವಿಪರ್ಯಾಸವೇ ಸರಿ. ಜರಡಿ ಹಿಡಿದ ಮಣ್ಣೆಂದು ಆಣೆಯಿಟ್ಟು ವ್ಯಾಪಾರಿಯೊಬ್ಬರು ಇಳಿಸಿಹೋದ ಚೀಲಗಳಲ್ಲಿ ಮರುವಾಯಿ ಎಂಬ ಕಪ್ಪೆಚಿಪ್ಪಿನ ಚೂರುಗಳು ಪದಾರ್ಥ ಮಾಡುವಷ್ಟಿದ್ದವು. ಚಿಪ್ಪು ಭಟ್ಟಿಯ ಬಿಸಿಯಲ್ಲಿ ಸುಟ್ಟ ಸುಣ್ಣವಾಗುತ್ತದೆ. ಆಮೇಲೆ ನಮ್ಮೂರಿನ ಗಾಳಿಯ ತೇವವನ್ನು ಹೀರಿ ಉಬ್ಬಿ, ಮೇಲಿನ ಮಣ್ಣನ್ನು ಸಿಡಿಸುತ್ತದೆ. ಫಲಕದಲ್ಲಿ ಅಷ್ಟೊಂದು ಖಾಲಿ ಜಾಗವಿದ್ದರೂ ಅದು ಸಿಡಿಯುವುದು ಹೆಸರಿನ ದೀರ್ಘದ ಮೇಲೆಯೇ! ದೂರಿದಾಗ ವ್ಯಾಪಾರಿಯು ಮಳೆಗಾಲದ ಮೇಲೆ ತಪ್ಪು ಹೊರಿಸಿದರು.

ಈಗ ಮಣ್ಣನ್ನು ನೀರಿನಲ್ಲಿ ಕದಡಿ ತೆಳುವಾದ ಬಟ್ಟೆಯಲ್ಲಿ ಸೋಸುತ್ತೇನೆ. ಒಣಗಿದ ಮಾದರಿಯ ಮೇಲೆ ನಿಂಬೆರಸ ಹಿಂಡಿ, ನೊರೆಗುಳ್ಳೆ ಎದ್ದರೆ ಆ ಪಾಲನ್ನು ಮತ್ತೊಮ್ಮೆ ಸೋಸುತ್ತೇನೆ. ಇಷ್ಟಾದ ಮೇಲೂ ಉಳಿಯುವ ಸಣ್ಣ ಚೂರುಗಳಿಗೆಂದು, ಸುಟ್ಟ ಫಲಕ ಇನ್ನೂ ಬೆಚ್ಚಗಿರುವಾಗಲೇ ಅದನ್ನು ಪೂರ್ತಿಯಾಗಿ ನೀರಿನಲ್ಲಿ ಮುಳುಗಿಸಿಡುತ್ತೇನೆ. ಒಳಗಿನ ಸುಣ್ಣ ಒಮ್ಮೆಗೇ ಅರಳಿ ಮೆತ್ತಗಾಗುವುದರಿಂದ ಸಿಡಿಯುವ ಬಲ ಅದಕ್ಕೆ ಉಳಿಯುವುದಿಲ್ಲ.

ಸೋಸಿದ ಮಣ್ಣು ಕೈಗೆ ಹತ್ತಿದ ನಯ ಕಂಡ ಮೇಲೆ ಮುಂದಿನ ಕೆಲಸವೂ ನಿಶ್ಚಯವಾಯಿತು: 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಕಾರ್ಮೆಲ್ ಬೆಟ್ಟದ ಫಿರಂಗಿಗಳತ್ತ ಏರಿದ ಮೈಸೂರು ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್ ಸವಾರರ ಉಬ್ಬುಚಿತ್ರ. ಕುದುರೆಯ ತೆಳು ಕಾಲುಗಳು ಒಣಗುವಾಗಲೇ ಬಿರುಕು ಬಿಡುತ್ತವೆಯಾದ್ದರಿಂದ, ಅವನ್ನೆಲ್ಲ ಧೂಳಿನಲ್ಲಿ ಮುಚ್ಚುವ ಕಲಾತ್ಮಕ ನಿರ್ಧಾರವನ್ನು ಈಗಲೇ ಕೈಗೊಂಡಿದ್ದೇನೆ.

ಸದ್ಯಕ್ಕೆ ಫಲಕದಲ್ಲಿ ಬಾಕಿಯಿರುವುದು ಹೆಸರಿನ ಕೆಳಗಿನ ಶಿಲುಬೆ. ಅದನ್ನು ಪ್ರತ್ಯೇಕವಾಗಿ ಸುಟ್ಟು ಅಂಟಿಸುವುದಕ್ಕಿಂತ, ನವೆಂಬರ್ 2ರ ಮೃತರ ದಿನದೊಳಗೆ ಇನ್ನೊಂದು ಹಲಗೆಯಲ್ಲಿ ಹೆಸರಿನೊಡನೆಯೇ ಕೊರೆದು ಸುಡುವುದು ಲೇಸೆಂದು ಕಾಣುತ್ತದೆ.