ಶರ್ಟ್ ಪ್ರಿಂಟಿಂಗ್: ಮೊದಲು ಬಟ್ಟೆ, ಆಮೇಲೆ ಇಂಕು, ಕೊನೆಗೆ ಪ್ರಿಂಟರ್

ಯಾವ ಪ್ರಿಂಟರ್ ಅಂತ ಹುಡುಕುವ ಮುಂಚೆ ಯಾವ ಬಟ್ಟೆ ಅನ್ನೋದನ್ನ ತೀರ್ಮಾನಿಸಿ. ಹತ್ತಿಯಾದರೆ ಟ್ರಾನ್ಸ್‌ಫರ್ ಪೇಪರ್ (ಪ್ರಿಂಟಾದ ಚಿತ್ರವನ್ನು ತೆಳು ಫಿಲ್ಮಿನ ಸಮೇತ ಶಾಖದಿಂದ ಬಟ್ಟೆಗೆ ಅಂಟಿಸುವ ಹಾಳೆ) ಜೊತೆ ಪಿಗ್ಮೆಂಟ್ ಇಂಕು. ತಿಳಿ ಬಣ್ಣದ ಪಾಲಿಯೆಸ್ಟರ್ ಆದರೆ ಶಾಖಕ್ಕೆ ಆವಿಯಾಗಿ ಎಳೆಯೊಳಗೆ ಇಳಿಯುವ ಸಬ್ಲಿಮೇಷನ್ ಇಂಕು.

ಮಾಮೂಲಿ ಡೈ ಇಂಕು ನೀರಲ್ಲಿ ಕರಗುತ್ತೆ. ಪೇಪರ್ ಮೇಲೆ ಚೆನ್ನಾಗಿ ಹೊಳೆದರೂ ಒಗೆದಾಗ ಅಂಚು ಹರಡಿ ಬಣ್ಣ ಮಾಸುತ್ತೆ. ಪಿಗ್ಮೆಂಟಿನಲ್ಲಿ ಬಣ್ಣ ಸೂಕ್ಷ್ಮ ಕಣಗಳಾಗಿರುವುದರಿಂದ ಒಣಗಿದ ಮೇಲೆ ನೀರಿಗೆ ಸುಲಭವಾಗಿ ಬಿಡುವುದಿಲ್ಲ. ಎಡವುವುದು ಇಲ್ಲೇ: ಎಷ್ಟೋ ಪ್ರಿಂಟರುಗಳಲ್ಲಿ ಕಪ್ಪು ಮಾತ್ರ ಪಿಗ್ಮೆಂಟ್, ಉಳಿದ ಮೂರೂ ಡೈ. ನಾಲ್ಕನ್ನೂ ನೋಡಿಯೇ ಕೊಳ್ಳಿ. ಪಿಗ್ಮೆಂಟ್, ಇಂಕು ಹೊರಬರುವ ಸಣ್ಣ ರಂಧ್ರವಾದ ನಾಜಲ್‌ನಲ್ಲಿ ಬೇಗ ಗಟ್ಟಿಯಾಗುತ್ತೆ. ವಾರಕ್ಕೊಂದು ಬಣ್ಣದ ಪುಟವಾದರೂ ತೆಗೆಯಿರಿ.

ಸಬ್ಲಿಮೇಷನ್‌ಗೆ ಎಪ್ಸನ್‌ನಲ್ಲಿರುವಂಥ ಪೀಜೋ ಹೆಡ್ (ಇಂಕನ್ನು ಕಾಯಿಸದೆ, ವಿದ್ಯುತ್ತಿಗೆ ಅದುರಿ ಹನಿ ಚಿಮ್ಮಿಸುವ ಭಾಗ) ಬೇಕು. ಇಂಕನ್ನು ಕಾಯಿಸಿ ಹನಿ ಚಿಮ್ಮಿಸುವ ಥರ್ಮಲ್ ಹೆಡ್ ಇದಕ್ಕೆ ಆಗಿಬರುವುದಿಲ್ಲ. ಬೇರೆ ಇಂಕಿದ್ದ ಟ್ಯಾಂಕಿಗೆ ಸಬ್ಲಿಮೇಷನ್ ಇಂಕನ್ನು ಸುರಿಯಲೇಬೇಡಿ. ಸುಮಾರು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪ್ರಿಂಟಾದ ಪೇಪರನ್ನು ಬಟ್ಟೆಯ ಮೇಲಿಟ್ಟು 45ರಿಂದ 60 ಸೆಕೆಂಡು ಒತ್ತಿದರೆ ಬಣ್ಣ ಆವಿಯಾಗಿ ಪಾಲಿಯೆಸ್ಟರ್ ಎಳೆಯೊಳಗೆ ಇಳಿಯುತ್ತೆ. ಹತ್ತಿ ಅದನ್ನು ಹಿಡಿದುಕೊಳ್ಳುವುದಿಲ್ಲ. ಪೇಪರ್ ಮೇಲೆ ಪ್ರಿಂಟ್ ಮಂಕಾಗಿ, ಕಪ್ಪು ಬೂದಿಬಣ್ಣವಾಗಿ ಕಂಡರೆ ಗಾಬರಿ ಬೇಡ, ಶಾಖ ತಗುಲಿದ ಮೇಲೇ ಅದರ ನಿಜವಾದ ಬಣ್ಣ.

ತಿಳಿ ಬಟ್ಟೆಯ ಟ್ರಾನ್ಸ್‌ಫರ್ ಪೇಪರ್‌ಗೆ ಚಿತ್ರವನ್ನು ಮಿರರ್ ಮಾಡಿ (ಕನ್ನಡಿಯಲ್ಲಿ ಕಾಣುವಂತೆ ಎಡಬಲ ತಿರುಗಿಸಿ). ಗಾಢ ಬಟ್ಟೆಯದಕ್ಕೆ ನೇರವಾಗಿ ಪ್ರಿಂಟ್ ಮಾಡಿ, ಹಿಂದಿನ ಹಾಳೆ ಸುಲಿದು, ಚಿತ್ರ ಮೇಲ್ಮುಖವಾಗಿ ಇಡಬೇಕು. ಎರಡಕ್ಕೂ ಮುಂಚೆ ಖಾಲಿ ಶರ್ಟನ್ನು 5 ಸೆಕೆಂಡು ಪ್ರೆಸ್ ಮಾಡಿ. ತೇವ ಉಳಿದರೆ ಫಿಲ್ಮ್ ಸರಿಯಾಗಿ ಅಂಟದೆ ಮೂಲೆಯಿಂದ ಏಳುತ್ತೆ.